ಕರಪತ್ರದಲ್ಲಿಲ್ಲದ ಕಲ್ಲು

ನಮ್ಮ ಅತ್ತೆಯವರ ಬಾಯಿಂದ ಒಂದು ‘ಹೂಂ’ ಹೊರಡಿಸುವುದಕ್ಕಾಗಿ ನಾವು ಐದು ಜನ ಐರ್ಲೆಂಡಿಗೆ ಹೋಗಿಬಂದೆವು. ಬೇರೆಯವರು ಅಲ್ಲಿಗೆ ಹಸಿರು ನೋಡಲು, ಕಡಲು ನೋಡಲು, ಬಿಯರ್ ಕುಡಿಯಲು ಹೋಗುತ್ತಾರೆ. ನಾವು ಹೋದದ್ದು ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ.

ಗಂಡನ್ನು ಮಗಳೇ ಹುಡುಕಿಕೊಂಡಿದ್ದಳು. ಇಬ್ಬರೂ ಮ್ಯಾನ್‌ಹಟನ್ನಿನ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ; ಅವಳು ಫಾರ್ಮಸಿಯಲ್ಲಿ, ಅವನು ನರ್ಸ್. ಆರಡಿ ಎತ್ತರ, ಕೆಂಪು ಗಡ್ಡ. ಅಜ್ಜನ ಕಾಲಕ್ಕೆ ಐರ್ಲೆಂಡಿನಿಂದ ಬಂದು ನ್ಯೂಯಾರ್ಕಿನ ಪಕ್ಕದ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ನೆಲೆನಿಂತ ಮನೆತನ. ನನಗೂ ನನ್ನ ಗಂಡನಿಗೂ ಸಂಪೂರ್ಣ ಒಪ್ಪಿಗೆಯಿತ್ತು. ಆದರೆ ಮಗಳು ಒಂದು ಮಾತು ಹೇಳಿಬಿಟ್ಟಿದ್ದಳು: “ಅಜ್ಜಿ ಯೆಸ್ ಅನ್ನದಿದ್ರೆ ನೋ ವೆಡ್ಡಿಂಗ್, ಅಮ್ಮ. ಐ ಮೀನ್ ಇಟ್.” ನಾನು ನ್ಯೂಜೆರ್ಸಿಯ ಕ್ರ್ಯಾನ್‌ಬರಿ ಊರಿನ ಔಷಧ ಕಂಪನಿಯಲ್ಲಿ ಹೊತ್ತು ಮುಳುಗುವವರೆಗೆ ದುಡಿಯುತ್ತಿದ್ದ ಅಷ್ಟೂ ವರ್ಷ ಅವಳ ತಲೆ ಬಾಚಿ, ಕೈತುತ್ತು ಹಾಕಿ, ಕನ್ನಡ ಕಲಿಸಿದವರು ಅತ್ತೆ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಅತ್ತೆ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. “ಗಂಡಿನ ಮನೆ ನೋಡ್ದೆ ಹೆಣ್ಣು ಕೊಡೋದುಂಟೇನಮ್ಮ?” ಅಂದರು. ಸರಿ, ಫ್ಲೋರಲ್ ಪಾರ್ಕಿಗೆ ಕರೆದುಕೊಂಡು ಹೋದೆವು. ಹುಡುಗನ ತಾಯಿ ಹಿಲ್‌ಸೈಡ್ ಅವೆನ್ಯೂದ ಇಂಡಿಯನ್ ಅಂಗಡಿಯಿಂದ ಸಮೋಸ ತರಿಸಿ, ಏಲಕ್ಕಿ ಹಾಕಿದ ಚಹಾ ಕೊಟ್ಟರು. ಅತ್ತೆ ಎರಡು ಸಮೋಸ ತಿಂದು, ಪರದೆಯ ಬಟ್ಟೆಯನ್ನು ಹೊಗಳಿ, ಕಾರು ಹತ್ತಿದ ಮೇಲೆ ಹೇಳಿದರು: “ಇದು ಇರೋ ಊರಾಯ್ತು. ಮೂಲ ಯಾವ್ದು? ಮೂಲ ನೋಡ್ಬೇಕು.”

ಈಡೇರದ ಷರತ್ತು ಹಾಕಿ ಜಾರಿಕೊಳ್ಳುವ ಉಪಾಯವೆಂದು ನನಗೆ ತಕ್ಷಣ ಗೊತ್ತಾಯಿತು. ಅವರ ದುರದೃಷ್ಟ, ಅದೇ ವಾರ ಮಗಳು ಆ ಮಾತನ್ನು ಹುಡುಗನಿಗೆ ಹೇಳಿದಳು. ಅವನು ಹಿಗ್ಗಿಹೋದ. ತಮ್ಮ ಊರು ಇನ್ನೂ ಇದೆ, ಅಜ್ಜನ ತಮ್ಮ ಅಲ್ಲೇ ಕುರಿ ಸಾಕಿಕೊಂಡಿದ್ದಾನೆ, ಚಿಕ್ಕಂದಿನ ಬೇಸಗೆಗಳನ್ನೆಲ್ಲ ತಾನು ಅಲ್ಲೇ ಕಳೆದದ್ದು, ಎಲ್ಲರೂ ಬನ್ನಿ ಅಂದ. ಸುದ್ದಿ ಕೇಳಿ ಅತ್ತೆಯ ಮುಖ ಸಪ್ಪಗಾದದ್ದನ್ನು ನಾನು ಕಣ್ತುಂಬ ನೋಡಿದೆ. ಅವರು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುವವಳು. ಅಕ್ಟೋಬರಿಗೆ ಟಿಕೆಟ್ ಬುಕ್ ಮಾಡಿಬಿಟ್ಟೆ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೂ ಓದುವ ರೀತಿ ನನಗೆ ಇನ್ನೂ ಬಂದಿಲ್ಲ. ಒಂದು ಬೀದಿ, ಒಂದು ಚರ್ಚು, ನಾಲ್ಕು ಪಬ್ಬು, ಒಂದು ಅಂಚೆ ಕಚೇರಿ. ಪ್ರವಾಸಿ ಮಾಹಿತಿ ಕೇಂದ್ರವೆಂದರೆ ಆ ಅಂಚೆ ಕಚೇರಿಯ ಕಿಟಕಿಯ ಪಕ್ಕದ ಒಂದು ಹಲಗೆ. ಅದರ ಮೇಲೆ, ಊರಿನ ಸುತ್ತ ನೋಡಲೇಬೇಕಾದ ಏಳು ತಾಣಗಳು ಎಂಬ ಬಣ್ಣದ ಕರಪತ್ರ. ನನ್ನ ಗಂಡ ಅದನ್ನು ನ್ಯೂಜೆರ್ಸಿಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ಯಾವ ತಾಣಕ್ಕೆ ಎಷ್ಟು ನಿಮಿಷ, ಎಲ್ಲಿ ರೆಸ್ಟ್‌ರೂಮ್, ಎಲ್ಲಿ ಫೋಟೊ ಎಂದು ಸ್ಪ್ರೆಡ್‌ಶೀಟ್ ಮಾಡಿಟ್ಟಿದ್ದರು. ನಮ್ಮ ಜನ ಜಾಗಗಳನ್ನು ನೋಡುವುದಿಲ್ಲ, ಕವರ್ ಮಾಡುತ್ತಾರೆ. ಹಿಂದಿರುಗಿದ ಮೇಲೆ ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ನಲ್ಲಿ ಮೊದಲ ಪ್ರಶ್ನೆಯೇ ‘ಎಷ್ಟು ಪ್ಲೇಸ್ ಕವರ್ ಆಯ್ತು?’ ಎಂದಿರುತ್ತದೆ.

ನನ್ನ ಲೆಕ್ಕಾಚಾರ ಬೇರೆಯಿತ್ತು. ಏಳರಲ್ಲಿ ಒಂದಾದರೂ ಅತ್ತೆಯ ಮನಸ್ಸನ್ನು ಕರಗಿಸಬೇಕು. ಹಳೇ ಮಠ, ಕೋಟೆ, ಪವಿತ್ರ ಬಾವಿ, ಹೀಗೆ ಕರಪತ್ರದಲ್ಲಿ ದೇವರಿಗೆ ಸಂಬಂಧಪಟ್ಟದ್ದು ಸಾಕಷ್ಟಿತ್ತು.

ಮಠದಿಂದ ಶುರುಮಾಡಿದೆವು. ಮಾಡು ಇಲ್ಲ, ನಾಲ್ಕು ಕಮಾನು, ಒಳಗೆ ಹುಲ್ಲು, ಹುಲ್ಲಿನಲ್ಲಿ ಗೋರಿಗಳು. ಅತ್ತೆ ಕೊಡೆ ಹಿಡಿದು ಒಂದು ಸುತ್ತು ಬಂದು, “ಹಂಪಿ ಬಿಟ್ಟು ಇಲ್ಲಿಗೆ ಬಂದ್ವಲ್ಲ, ನಮಗೇನು ಬಂದಿತ್ತು” ಅಂದರು. ಕೋಟೆಯಲ್ಲಿ ಒಂದೂವರೆ ಗೋಡೆ ಉಳಿದಿತ್ತು, ನಡುವೆ ಒಂದು ಹಸು ಮಲಗಿತ್ತು. ಅತ್ತೆ ಹಸುವಿಗೆ ನಮಸ್ಕಾರ ಮಾಡಿದರೇ ಹೊರತು ಕೋಟೆಯ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಜೌಗುನೆಲದ ನಡಿಗೆ. ಕಪ್ಪು ಕೆಸರಿನ ಮೇಲೆ ಅರ್ಧ ಮೈಲಿ ಹಲಗೆ ಹಾಕಿ, ಅಲ್ಲಲ್ಲಿ ಫಲಕ ನೆಟ್ಟಿದ್ದರು. “ಕೆಸ್ರು ತೋರ್ಸೋಕೂ ಬೋರ್ಡ್ ಹಾಕಿದಾರೆ, ಧೈರ್ಯ ಮೆಚ್ಚಬೇಕು” ಅಂದರು ಅತ್ತೆ. ನನ್ನ ಗಂಡ ಮಾತ್ರ ಹದಿನೈದು ನಿಮಿಷ ಮುಂಚೆಯೇ ಮುಗಿಯಿತೆಂದು ಖುಷಿಯಾಗಿದ್ದರು.

ಜಾನಪದ ವಸ್ತುಸಂಗ್ರಹಾಲಯ ಇದ್ದದ್ದು ರೈಲು ನಿಂತುಹೋದ ಹಳೇ ಸ್ಟೇಷನ್ನಿನಲ್ಲಿ. ಬೀಗದ ಕೈ ಎದುರಿನ ಅಂಗಡಿಯಾಕೆಯ ಹತ್ತಿರ. ಆಕೆ ಬಂದು ಬಾಗಿಲು ತೆರೆದು, ದೀಪ ಹಾಕಿ, ಒಂದು ಬೀಸುವ ಕಲ್ಲನ್ನೂ ಮಜ್ಜಿಗೆ ಕಡೆಯುವ ಮರದ ಕೊಳಗವನ್ನೂ ಬಹಳ ಭಕ್ತಿಯಿಂದ ತೋರಿಸಿದಳು. ಅತ್ತೆ ಹಗ್ಗ ದಾಟಿ ಒಳಗೆ ಹೋಗಿ ಕಲ್ಲನ್ನು ಎರಡು ಸುತ್ತು ಬೀಸಿಯೇಬಿಟ್ಟರು. “ಇದನ್ನ ಹಗ್ಗ ಕಟ್ಟಿ ಇಟ್ಟಿದಾರಲ್ಲ, ಇದನ್ನ ಬೀಸಿದ ಕೈ ಇಲ್ಲೇ ಇದೆ, ಇದನ್ನೂ ಇಟ್ಕೊಳ್ಳಿ ಅನ್ನು” ಎಂದು ಮೊಮ್ಮಗಳಿಗೆ ಹೇಳಿದರು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಅಂಗಡಿಯಾಕೆ ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ.

ಪವಿತ್ರ ಬಾವಿಯ ಮೇಲೆ ನನಗೆ ಬಹಳ ಭರವಸೆಯಿತ್ತು. ಪಕ್ಕದ ಮುಳ್ಳುಮರದ ತುಂಬ ಬಣ್ಣಬಣ್ಣದ ಬಟ್ಟೆಯ ಚೂರುಗಳು. ಕಾಯಿಲೆಯವರು ಹರಸಿಕೊಂಡು ಕಟ್ಟಿದ್ದು. ಬಾವಿಯನ್ನು ಬಲಕ್ಕೆ ಸುತ್ತಬೇಕೆಂಬ ಪದ್ಧತಿ ಬೇರೆ. ನಾನು ವಕೀಲಳ ಹಾಗೆ ಒಂದೊಂದನ್ನೇ ಎತ್ತಿ ಹೇಳಿದೆ. ಪ್ರದಕ್ಷಿಣೆ ಇದೆ, ಹರಕೆ ಇದೆ, ತೀರ್ಥವೂ ಇದೆ, ಇನ್ನೇನು ಬೇಕು? ಅತ್ತೆ ನನ್ನನ್ನು ಒಂದು ಕ್ಷಣ ನೋಡಿ, “ಕಷ್ಟ ಬಂದ್ರೆ ಯಾರು ಬೇಕಾದ್ರೂ ಮರಕ್ಕೆ ಬಟ್ಟೆ ಕಟ್ತಾರೆ. ಅದ್ರಿಂದ ನೆಂಟಸ್ತನ ಆಗತ್ಯೇ?” ಅಂದರು. ನನಗೆ ಸಿಟ್ಟು ಬಂತು. ಕೆರೆಯನ್ನೂ, ಮೂರು ಬಂಡೆಯ ಮೇಲೆ ಇನ್ನೊಂದು ಬಂಡೆ ಕೂರಿಸಿದ ಪುರಾತನ ಸಮಾಧಿಯನ್ನೂ ನಾನು ಕಾರಿನಿಂದ ಇಳಿಯದೆಯೇ ಕವರ್ ಮಾಡಿದೆ.

ಮಧ್ಯಾಹ್ನ ಎರಡೂ ಹತ್ತಕ್ಕೆ ಏಳೂ ತಾಣಗಳು ಮುಗಿದವು. ಊರಿನಲ್ಲಿ ಇನ್ನೂ ಮೂರು ದಿನ ಇರಬೇಕಿತ್ತು. ಗಂಡ ಸ್ಪ್ರೆಡ್‌ಶೀಟನ್ನೇ ನೋಡುತ್ತ ಕೂತರು.

ಅಜ್ಜನ ತಮ್ಮನ ಮನೆ ಊರಿನಿಂದ ಎರಡು ಮೈಲಿ. ದಾರಿಯೆಂದರೆ ಒಂದು ಕಾರಿನಗಲ, ಎರಡೂ ಕಡೆ ಬೇಲಿ, ನಡುವೆ ಹುಲ್ಲು. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಕಣ್ಣು ಮುಚ್ಚಿಕೊಂಡು ಡ್ರೈವ್ ಮಾಡುವ ನನ್ನ ಗಂಡ ಇಲ್ಲಿ ಹನುಮಾನ್ ಚಾಲೀಸಾ ಹೇಳುತ್ತಿದ್ದರು. ಅರ್ಧದಲ್ಲಿ ಕುರಿಗಳು ಅಡ್ಡ ಬಂದವು. ಇಳಿದು ನಿಂತೆವು. ಆಗ ಅತ್ತೆ ಬೇಲಿಯಾಚೆ ಕೈ ತೋರಿಸಿ, “ಅಯ್ಯೋ, ಅಲ್ಲಿ ನೋಡ್ರೋ!” ಎಂದು ಕೂಗಿದರು.

ಹೊಲದ ನಡುವೆ ಒಂದು ಒಂಟಿ ಕಲ್ಲು, ಸೊಂಟದಷ್ಟು ಎತ್ತರ. ತಲೆ ದುಂಡಗೆ ನುಣುಪಾಗಿತ್ತು. ಅದರ ಮೈಮೇಲೆ ಕೆಂಪು. ಸುಮ್ಮನೆ ಕೆಂಪಲ್ಲ, ವರ್ಷಗಳಿಂದ ದಿನಾ ಯಾರೋ ಕೈಯಾರೆ ಬಳಿದ ಹಾಗೆ ಪದರಪದರವಾದ ಕುಂಕುಮದ ಕೆಂಪು. ಕರಪತ್ರದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಎಪ್ಪತ್ತೆಂಟು ವರ್ಷದ ಅತ್ತೆ ಗೇಟು ತೆಗೆದು, ಚಪ್ಪಲಿ ಅಲ್ಲೇ ಬಿಟ್ಟು, ಒದ್ದೆ ಹುಲ್ಲಿನಲ್ಲಿ ಬರಿಗಾಲಲ್ಲಿ ನಡೆದರು. ಬೇಲಿಯ ಕೆಂಪು ಹೂಗಳನ್ನು ಕಿತ್ತು ಕಲ್ಲಿನ ತಲೆಯ ಮೇಲಿಟ್ಟರು. ಕೈಚೀಲದಲ್ಲಿದ್ದ ಬಾಳೆಹಣ್ಣನ್ನು ನೈವೇದ್ಯ ಮಾಡಿದರು. ಮೂರು ಪ್ರದಕ್ಷಿಣೆ ಬಂದರು. ಕುರಿಗಳು ಸಾಲಾಗಿ ನಿಂತು ನೋಡಿದವು. ಆಮೇಲೆ ಬೆರಳಿನಿಂದ ಆ ಕೆಂಪನ್ನು ಒರೆಸಿ ಮೊದಲು ತಮ್ಮ ಹಣೆಗೆ, ಮತ್ತೆ ಮಗನಿಗೆ, ನನಗೆ, ಮೊಮ್ಮಗಳಿಗೆ, ಕೊನೆಗೆ ತುದಿಗಾಲಲ್ಲಿ ನಿಂತು ಆ ಹುಡುಗನ ಹಣೆಗೂ ಇಟ್ಟರು. “ಮೂಲ ಚೆನ್ನಾಗಿದೆ ಕಣಮ್ಮ” ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನೂ ಕೈಮುಗಿದೆ, ಸುಳ್ಳು ಯಾಕೆ ಹೇಳಲಿ.

ಹುಡುಗ ಮಾತ್ರ ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ಮಗಳ ಕಿವಿಯಲ್ಲಿ ಏನೋ ಹೇಳಿದ. ಅವಳು ಸ್ಕಾರ್ಫ್ ಬಾಯಿಗೆ ತುರುಕಿಕೊಂಡು ಬೇಲಿಯ ಕಡೆ ಓಡಿದಳು. ನಾನು ಅವನನ್ನು ಪಕ್ಕಕ್ಕೆ ಎಳೆದುಕೊಂಡು ಏನೆಂದು ಕೇಳಿದೆ.

ಅದು ದೇವರಲ್ಲ. ಮೈ ತುರಿಸಿಕೊಳ್ಳಲೆಂದು ಕುರಿಗಳಿಗೆ ನೆಟ್ಟ ಕಲ್ಲು. ಕೆಂಪೂ ಕುರಿಗಳದ್ದೇ. ಅಕ್ಟೋಬರಿನಲ್ಲಿ ಗಂಡು ಕುರಿಯ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣ ಬಳಿದು ಬಿಡುತ್ತಾರಂತೆ. ಅದು ಯಾವ ಯಾವ ಹೆಣ್ಣು ಕುರಿಯ ಮೇಲೆ ಏರಿತೋ ಅದರದರ ಬೆನ್ನಿಗೆ ಗುರುತು ಬೀಳುತ್ತದೆ. ಗುರುತು ಬಿದ್ದದ್ದು ಬಸುರಿ ಎಂದು ಬೇರೆ ಮಾಡುತ್ತಾರೆ. ಆ ಗುರುತನ್ನು ಹೆಣ್ಣು ಕುರಿಗಳು ಬಂದು ಈ ಕಲ್ಲಿಗೆ ಉಜ್ಜುತ್ತವೆ. ಇಷ್ಟನ್ನು ಆ ಹುಡುಗ ನರ್ಸುಗಳು ಮಾತಾಡುವ ಹಾಗೆ, ನಾಚಿಕೆಯಿಲ್ಲದೆ, ಸ್ಪಷ್ಟವಾಗಿ ವಿವರಿಸಿದ. ನಾನು ನನ್ನ ಹಣೆ ಮುಟ್ಟಿ ನೋಡಿಕೊಂಡೆ. ಯಾವ ಟಗರಿನ ಶೃಂಗಾರವೋ ನಮ್ಮ ಮನೆಯವರೆಲ್ಲರ ಹಣೆಯ ಮೇಲೆ ಹೊಳೆಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಗಬೇಕೆನಿಸಿತು, ಆದರೆ ಹತ್ತು ಹೆಜ್ಜೆ ದೂರದಲ್ಲಿ ಅತ್ತೆ ಕೈಮುಗಿದು ನಿಂತಿದ್ದರು.

“ಐ ಶುಡ್ ಟೆಲ್ ಹರ್” ಅಂದ ಹುಡುಗ.

“ಬಾಯಿಬಿಟ್ರೆ ನೋಡು” ಎಂದು ಕನ್ನಡದಲ್ಲೇ ಹೇಳಿದೆ. ಅರ್ಥವಾಯಿತು ಅನ್ನಿಸುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ನಮ್ಮಲ್ಲಿ ಗಾದೆಯೇ ಇದೆ. ನಾನು ಸುಳ್ಳು ಕೂಡ ಹೇಳುತ್ತಿರಲಿಲ್ಲ, ನಿಜ ಹೇಳುತ್ತಿರಲಿಲ್ಲ ಅಷ್ಟೆ. ಕಂಪನಿಯಲ್ಲಿ ನನ್ನ ಕೆಲಸ ಕ್ವಾಲಿಟಿ ವಿಭಾಗದಲ್ಲಿ. ಬೇರೆಯವರು ಬರೆದ ದಾಖಲೆಗಳಲ್ಲಿ ಮುಚ್ಚಿಟ್ಟದ್ದನ್ನು ಹುಡುಕಿ ತೆಗೆಯುವುದಕ್ಕೇ ನನಗೆ ಸಂಬಳ. ಹೇಗೆ ಮುಚ್ಚಿಡಬೇಕೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಗಳ ಬಾಯಿಗೆ ಬೀಗ ಹಾಕಿಸಿದೆ. ಗಂಡನಿಗೆ ವಿಷಯವನ್ನೇ ಹೇಳಲಿಲ್ಲ. ಕುರಿ ಸಾಕುವ ಮುದುಕನನ್ನು ಆ ಸಂಜೆ ಕೊಟ್ಟಿಗೆಯ ಹಿಂದೆ ನಿಲ್ಲಿಸಿಕೊಂಡು ಮಾತು ತೆಗೆದುಕೊಂಡೆ. ಎಂಬತ್ತು ದಾಟಿದ, ಎರಡೇ ಹಲ್ಲಿನ ಮನುಷ್ಯ. ತನ್ನ ಬಾಯಿಂದ ಒಂದಕ್ಷರ ಹೊರಗೆ ಬರುವುದಿಲ್ಲ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದ. ಆ ಮೂರು ದಿನ ಅವನೂ ಅತ್ತೆಯೂ ಮಧ್ಯಾಹ್ನವೆಲ್ಲ ಹಿತ್ತಲಿನ ಬೆಂಚಿನ ಮೇಲೆ ಕೂತು, ಇವರು ಕನ್ನಡದಲ್ಲಿ, ಅವನು ಅವನ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಒಬ್ಬರದ್ದು ಒಬ್ಬರಿಗೆ ಏನು ತಿಳಿಯುತ್ತಿತ್ತೋ, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಬಣ್ಣ ಮಾತ್ರ ಹೋಗಲಿಲ್ಲ. ಸೋಪು, ಶಾಂಪೂ, ತೆಂಗಿನೆಣ್ಣೆ ಎಲ್ಲ ಹಾಕಿ ಉಜ್ಜಿದೆವು. ನ್ಯೂಅರ್ಕ್ ವಿಮಾನನಿಲ್ದಾಣದಲ್ಲಿ ಇಮಿಗ್ರೇಷನ್ ಅಧಿಕಾರಿ ಸಾಲಾಗಿ ನಿಂತ ಐದು ಕೆಂಪು ಹಣೆಗಳನ್ನು ನೋಡಿ ಪ್ರವಾಸದ ಉದ್ದೇಶವೇನು ಎಂದು ಕೇಳಿದ. “ರಿಲಿಜಿಯಸ್” ಅಂದುಬಿಟ್ಟೆ.

ಒಪ್ಪಿಗೆ ಆ ವಾರವೇ ಸಿಗುತ್ತದೆಂದು ನಾನು ಛತ್ರದವರಿಗೆ ಫೋನು ಮಾಡಲು ಕಾಯುತ್ತಿದ್ದೆ. ಸಿಗಲಿಲ್ಲ. ಕಲ್ಲಿನ ಕಥೆಯನ್ನು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ದೇವಸ್ಥಾನದಲ್ಲಿ ಸಿಕ್ಕ ಆಂಟಿಯರಿಗೆ, ಮೈಸೂರಿನ ತಂಗಿಗೆ, ಔಷಧಿ ತರಲು ಹೋದರೆ ಅಲ್ಲಿನವರಿಗೆ. ಹೇಳುವಾಗ ನನ್ನ ಕಡೆ ತಿರುಗಿ, “ಅಲ್ವೇನೇ?” ಅನ್ನುತ್ತಿದ್ದರು. ನಾನು “ಹೌದತ್ತೆ” ಅನ್ನುತ್ತಿದ್ದೆ. ಒಂದೊಂದು ಹೌದಿಗೂ ಕಥೆ ಬೆಳೆಯಿತು. ಡಿಸೆಂಬರಿನ ಹೊತ್ತಿಗೆ ನಾನೇ ಆ ಕಲ್ಲಿಗೆ ಎರಡು ಸಾವಿರ ವರ್ಷದ ಇತಿಹಾಸ ಕಟ್ಟಿದ್ದೆ. ಆದರೆ ಮದುವೆಯ ಮಾತೆತ್ತಿದರೆ, “ಇರಲಿ ತಡಿ, ಇನ್ನೂ ಒಂಚೂರು ನೋಡೋದಿದೆ” ಅನ್ನುವರು. ಇನ್ನೇನು ನೋಡುವುದು? ಮಗಳು ಫೋನಿನಲ್ಲಿ ಅತ್ತಳು. ಹುಡುಗ ಬಾಡುತ್ತ ಹೋದ. ಭಾನುವಾರ ಊಟಕ್ಕೆ ಬಂದರೆ ಅತ್ತೆಯ ಮುಖ ನೋಡಲಾಗದೆ ಸಾರಿನ ಬಟ್ಟಲನ್ನೇ ನೋಡುತ್ತಿದ್ದ. ಎರಡು ಸಲ ನನ್ನನ್ನು ಅಡುಗೆಮನೆಗೆ ಹಿಂಬಾಲಿಸಿ ಬಂದು ಹೇಳಿಬಿಡೋಣವೇ ಎಂದು ಕೇಳಿದ. ಎರಡು ಸಲವೂ ಕೈಗೆ ಹಪ್ಪಳ ಕೊಟ್ಟು ಕಳಿಸಿದೆ.

ಫೆಬ್ರವರಿಯಲ್ಲಿ ಅತ್ತೆಯೇ, ಹುಡುಗನ ತಂದೆತಾಯಿಯನ್ನು ಊಟಕ್ಕೆ ಕರೆ ಅಂದರು. ತಾಂಬೂಲದ ತಟ್ಟೆಯನ್ನೂ ತಾವೇ ಜೋಡಿಸಿದರು, ಆದರೆ ಅದನ್ನು ದೇವರ ಮುಂದೆ ಇಟ್ಟು ಮೇಲೊಂದು ಬಟ್ಟೆ ಮುಚ್ಚಿದರು. ಕೊಡುತ್ತಾರೋ ಇಲ್ಲವೋ ತಿಳಿಯಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ಫ್ಲೋರಲ್ ಪಾರ್ಕಿನವರು ಎರಡೂವರೆ ಗಂಟೆ ಡ್ರೈವ್ ಮಾಡಿ ಬಂದರು. ಬಿಸಿಬೇಳೆಭಾತ್ ಮುಗಿದು ಪಾಯಸ ಬಡಿಸುವ ಹೊತ್ತಿಗೆ ಅತ್ತೆ, “ಏನಪ್ಪ, ನಿಮ್ಮೂರಿನ ಕಲ್ಲಿನ ಮಹಿಮೆ ನಿಮ್ಮಪ್ಪ ಅಮ್ಮನಿಗೆ ನೀನೇ ಹೇಳು” ಅಂದರು.

ಮೇಜಿನ ಕೆಳಗೆ ನಾನು ಅವನ ಕಾಲು ತುಳಿದೆ. ಅವನು ಪಾಯಸದ ಚಮಚ ಕೆಳಗಿಟ್ಟು ಎದ್ದು ನಿಂತ. ಗಡ್ಡದ ಮೇಲೆ ಮುಖವೆಲ್ಲ ಕೆಂಪಾಗಿತ್ತು.

“ಅಜ್ಜಿ,” ಅಂದ, ಕನ್ನಡದಲ್ಲಿ. “ಅದು ಕುಂಕುಮ ಅಲ್ಲ. ಅದು ಕುರಿಯ ಬಣ್ಣ. ಅದು ದೇವರ ಕಲ್ಲು ಅಲ್ಲ. ನನಗೆ ಮೊದಲೇ ಗೊತ್ತಿತ್ತು. ನಾನು ಹೇಳಲಿಲ್ಲ. ತಪ್ಪಾಯಿತು.”

ಇಷ್ಟನ್ನು ಅವನು ತನ್ನ ವಾರ್ಡಿನ ಮಂಗಳೂರಿನ ನರ್ಸೊಬ್ಬರ ಹತ್ತಿರ ಮೂರು ವಾರ ಕೂತು ಬಾಯಿಪಾಠ ಮಾಡಿದ್ದನಂತೆ. ನಮ್ಮ ಮಗಳಿಗೂ ಗೊತ್ತಿರಲಿಲ್ಲ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನನ್ನ ಗಂಡ, “ಯಾವ ಕುರಿ?” ಎಂದು ಕೇಳಿದರು. ಆಗಿಹೋಯಿತು, ನಾಲ್ಕು ತಿಂಗಳು ಕಾಪಾಡಿಕೊಂಡು ಬಂದದ್ದು ಒಂದು ನಿಮಿಷದಲ್ಲಿ ಆಗಿಹೋಯಿತು ಎಂದು ನನಗೆ ಅವನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಅತ್ತೆ ನಿಧಾನವಾಗಿ ಬಾಯಿ ಒರೆಸಿಕೊಂಡರು.

“ಗೊತ್ತಪ್ಪ. ಟಗರಿನ ಎದೆಗೆ ಬಳಿಯೋದು ತಾನೇ? ನಿಮ್ಮ ತಾತ ಮಾರನೇ ದಿನವೇ ಟಗರು ಹಿಡ್ಕೊಂಡು ಬಂದು ತೋರ್ಸಿದ್ರು. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ, ಪಾಪ. ಬರೀ ತೋರ್ಸಿದ್ರು. ಕುಂಕುಮಕ್ಕೆ ಕುರಿ ವಾಸನೆ ಬಂದಾಗ್ಲೇ ನಂಗೆ ಅನುಮಾನ ಇತ್ತು.”

ಮಗಳು ಅದನ್ನು ತೊದಲುತ್ತ ಇಂಗ್ಲಿಷಿನಲ್ಲಿ ಹೇಳಿದಳು. ಟಗರಿನ ಎದೆಯ ಭಾಗಕ್ಕೆ ಬಂದಾಗ ಹುಡುಗನ ತಾಯಿ ಪಾಯಸ ಮೂಗಿಗೇರಿ ಕೆಮ್ಮಿ ಕೆಮ್ಮಿ ನಕ್ಕರು. ಹುಡುಗ ಇನ್ನೂ ನಿಂತೇ ಇದ್ದ. ಅತ್ತೆ ಅವನನ್ನು ಕೈಹಿಡಿದು ಕೂರಿಸಿ, ಈವರೆಗೆ ನಮ್ಮ ಮನೆಯಲ್ಲಿ ಯಾರೂ ಕೇಳಿರದ ಒಂದು ಕಥೆ ಹೇಳಿದರು.

ಅವರ ಮದುವೆಗೆ ಮೊದಲು ಅವರ ತಂದೆ ಗಂಡಿನ ಮನೆ ನೋಡಲು ಹೋಗಿದ್ದರಂತೆ. ಕೊಟ್ಟಿಗೆಯಲ್ಲಿ ಆರು ಎಮ್ಮೆಗಳು. ಹೈನಿರುವ ಮನೆ, ಮಗಳು ಸುಖವಾಗಿರುತ್ತಾಳೆಂದು ಅಲ್ಲೇ ಮಾತು ಕೊಟ್ಟು ಬಂದರು. ಮದುವೆಯಾಗಿ ಅತ್ತೆ ಆ ಮನೆಗೆ ಹೋದ ಮೂರನೆಯ ದಿನ ಅಕ್ಕಪಕ್ಕದವರು ಬಂದು ತಮ್ಮ ತಮ್ಮ ಎಮ್ಮೆಗಳನ್ನು ಹೊಡೆದುಕೊಂಡು ಹೋದರು. ಒಂದೂ ಉಳಿಯಲಿಲ್ಲ. ತಮ್ಮ ತಂದೆಯ ಮನೆಯ ಈ ಸಂಗತಿಯನ್ನು ಮೊದಲ ಸಲ ಕೇಳುತ್ತಿದ್ದ ನನ್ನ ಗಂಡ ಹಪ್ಪಳ ಹಿಡಿದು ಹಾಗೇ ಕೂತಿದ್ದರು.

“ಎಮ್ಮೆ ಇಲ್ಲದ್ದಕ್ಕೆ ನಾನು ಅಳಲಿಲ್ಲ” ಅಂದರು ಅತ್ತೆ. “ಮನೆ ತುಂಬ ಜನ ಇದ್ರಲ್ಲ, ಎಲ್ರಿಗೂ ಗೊತ್ತಿತ್ತು. ಒಬ್ರೂ ಹೇಳಲಿಲ್ಲ. ಅದಕ್ಕೆ ಈ ಸಲ ಕಾದೆ. ಗೊತ್ತಿರೋರಲ್ಲಿ ಯಾರು ಬಂದು ಹೇಳ್ತಾರೆ ನೋಡೋಣ ಅಂತ. ದಿನಾ ಆ ಕಲ್ಲಿನ ಮಾತು ತೆಗೀತಿದ್ದೆ.”

ಒಳಗೆ ಹೋಗಿ ತಟ್ಟೆ ತಂದರು. ಬಟ್ಟೆ ಸರಿಸಿ, ಹುಡುಗನ ತಾಯಿಗೆ ಕುಂಕುಮವಿಟ್ಟು, ಎಲೆ ಅಡಿಕೆ ತೆಂಗಿನಕಾಯಿ ಕೈಗೆ ಕೊಟ್ಟರು. ಮಗಳು ಓಡಿಬಂದು ಅಜ್ಜಿಯನ್ನು ಅಪ್ಪಿಕೊಂಡಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಯಾರೋ ಫೋಟೊ ಅಂದರು. ನಾನು ನಗಲು ನೋಡಿದೆ. ಮುಖ ಕೇಳಲಿಲ್ಲ.

ಫೋಟೊಗೆ ನಿಲ್ಲುವಾಗ ಅತ್ತೆ ನನ್ನ ಪಕ್ಕಕ್ಕೆ ಬಂದರು. ಇಪ್ಪತ್ತಾರು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರು ನಾವು. ನನ್ನ ಸೆರಗು ಸರಿಮಾಡುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

“ನೀನು ಹೇಳ್ತೀಯ ಅಂದ್ಕೊಂಡಿದ್ದೆ ಕಣೇ. ನಾಲ್ಕು ತಿಂಗಳು ನಿನ್ನ ಮುಖಾನೇ ನೋಡ್ತಿದ್ದೆ.”